ಸ್ವಲ್ಪ ಪಕ್ಕಕ್ಕೆ

ಬಸ್ಸುಗಳು ಬರುವ ಮೊದಲೇ ಬಂದಿದ್ದೆ.
ಮೊರೊಕ್ಕೊದ ವಾಲಿಲಿ, ರೋಮಿನವರು ಬಿಟ್ಟುಹೋದ ಊರು.
ಗಾಣದ ಕಲ್ಲಿನ ಮೇಲೆ ಚೀಲವಿಟ್ಟು
ಕಮಾನಿನ ಎದುರು ಮುಕ್ಕಾಲಿ ಊರಿ
ಬೆಳಕು ಕೆಳಗಿಳಿಯಲೆಂದು ಕಾದೆ.
ಚೌಕಟ್ಟಿನೊಳಗೆ ಎಲ್ಲ ಸರಿಯಿತ್ತು:
ಮೋಡ ಒಂದೇ, ಮೊಂಡು ಕಂಬ ನಾಲ್ಕು,
ತುದಿಯದರ ನೆತ್ತಿಗೆ ಕೊಕ್ಕರೆಯ ಗೂಡು.

ಎಡಮೂಲೆಯಲ್ಲಿ ಒಂದು ನೀಲಿ ಬಕೀಟು.

ಬಕೀಟಿನ ಹಿಂದೆ ಬಾಗಿದ ಬೆನ್ನು.
ಯಾರದೋ ಸಾವಿರಾರು ವರ್ಷದ ಪಡಸಾಲೆಯಲ್ಲಿ
ತನ್ನ ಹಿತ್ತಿಲೆಂಬಂತೆ ಕೂತು
ಬಕೂಲಾ ಸೊಪ್ಪು ಚಿವುಟುತ್ತಿದ್ದಳು ಮುದುಕಿ.
ಕೈ ಬೀಸಿದೆ. ಸ್ವಲ್ಪ ಪಕ್ಕಕ್ಕೆ, ಅಮ್ಮಾ.
ಭಾಷೆ ಬೇಕಾಗಲಿಲ್ಲ ಅವಳಿಗೆ.
ಎದ್ದು ಎರಡು ಕಂಬದಾಚೆ ಕೂತಳು.
ಮಸೂರ ಬದಲಿಸಿದೆ, ಅಲ್ಲೂ ಕಂಡಳು.
ಮತ್ತೆ ಬೀಸಿದೆ. ಮತ್ತೆ ಎದ್ದಳು,
ಈ ಸಲ ಸೊಂಟಕ್ಕೆ ಕೈಕೊಟ್ಟು, ನಿಧಾನ.

ಕಾವಲಿನ ಹಮ್ಮಾದಿ ಚಹಾ ತಂದ.
ಪುದೀನ ಹೆಚ್ಚು, ಸಕ್ಕರೆ ಅದಕ್ಕಿಂತ ಹೆಚ್ಚು.
ಅವನದೂ ನನ್ನದೂ ಹರಕು ಫ್ರೆಂಚಿನಲ್ಲಿ
ಮಾತು ತೇಪೆ ಹಾಕಿಕೊಂಡು ಬಂತು:
ಅವಳ ಹೆಸರು ಇಟ್ಟೊ.
ಈ ಬೀದಿಯನ್ನು ಮಣ್ಣಿನಿಂದ ಎತ್ತಿದವರಲ್ಲಿ
ಅವಳಪ್ಪನೂ ಒಬ್ಬ, ದಿನಗೂಲಿಗೆ.
ಸಾಹೇಬರು ಫೋಟೊ ತೆಗೆಯುವಾಗ
ಎಲ್ಲರೂ ಸಲಿಕೆ ಸಮೇತ ಆಚೆ ನಿಲ್ಲಬೇಕು.
ಕಲ್ಲಿನ ಎತ್ತರ ತಿಳಿಯಬೇಕಾದರೆ ಮಾತ್ರ
ಒಬ್ಬನನ್ನು ಕರೆದು ಪಕ್ಕಕ್ಕೆ ನಿಲ್ಲಿಸುವರು,
ಅಳತೆಕೋಲಿನ ಹಾಗೆ.
ಹಾಗೆ ನಿಂತವರಲ್ಲಿ ಅವನೂ ಇದ್ದಾನಂತೆ
ಯಾವುದೋ ಪುಸ್ತಕದಲ್ಲಿ, ಮುಖ ಮಸುಕು.
ಮನೆಯಲ್ಲಿ ಅವನ ಬೇರೆ ಫೋಟೊ ಇಲ್ಲ.

ಚಹಾ ತಳಕ್ಕೆ ಬಂದಿತ್ತು. ಮೊದಲ ಬಸ್ಸೂ.

ಹತ್ತಿರ ಹೋದೆ. ಕ್ಯಾಮೆರಾ ಎತ್ತಿ ತೋರಿಸಿ
ಹುಬ್ಬಿನಲ್ಲೇ ಕೇಳಿದೆ, ನಿಮ್ಮದೊಂದು?
ತಲೆಯೆತ್ತಿದಳು. ಗದ್ದದ ಮೇಲೆ ಮಾಸಿದ ಹಚ್ಚೆಯ ಗೀಟು.
ನನ್ನ ಮುಖ ನೋಡಲಿಲ್ಲ, ಬೂಟು ನೋಡಿದಳು.
ಎಳೆ ಸೊಪ್ಪಿನ ಮೇಲೇ ನಿಂತಿದ್ದೆ.
ಹಿಂಗೈಯಿಂದ ಗಾಳಿ ತಳ್ಳಿದಳು, ಎರಡು ಸಲ.
ನನಗೂ ಭಾಷೆ ಬೇಕಾಗಲಿಲ್ಲ.
ಸರಿದೆ.
ಕೊಕ್ಕರೆ ಮಾತ್ರ ಯಾರಿಗೂ ಸರಿಯದೆ
ಕೊಕ್ಕು ಕಟಕಟ ಬಡಿಯುತ್ತಿತ್ತು.

ರಾತ್ರಿ ಮೆಕ್ನೆಸ್ಸಿನ ಕೋಣೆಯಲ್ಲಿ
ನೂರಾ ಹನ್ನೊಂದು ಚಿತ್ರ ಒಂದೊಂದೇ ನೋಡಿದೆ.
ಒಂದು ಹುಳುವೂ ಅಡ್ಡ ಬಂದಿಲ್ಲ.
ಬೆಳಕು ಬೇಕೆಂದಲ್ಲಿಗೇ ಬಿದ್ದಿದೆ,
ಕಮಾನು ಚೆನ್ನಾಗಿ ಮೂಡಿದೆ.
ಎಷ್ಟೆತ್ತರವೋ,
ಅದೊಂದು ಗೊತ್ತಾಗುವುದಿಲ್ಲ.