ಖಾಲಿ ಸಾಲು

ಪ್ಯಾರಿಸಿನ ಗಿರಾಕಿ. ಒಂದು ಬಿದರಿ ತಟ್ಟೆ,
ಅಂಚಿಗೆ ಅಲ್ಲಿಯ ರೇಸಿನಾಗ ಗೆದ್ದ ಕುದುರಿಗಳ ಹೆಸರು, ಇಸವಿ ಸಹಿತ.
ಮಶಾಕ್ ಚಾಚಾಗ ಆ ಅಕ್ಷರ ಬರೂದಿಲ್ಲ.
ನಾ ಓದತೀನಿ, ಅವರು ಉಳಿ ಹಿಡೀತಾರ.

ಇಪ್ಪತ್ತೊಂದು: ಕ್ಸಾರ್.
ಇಪ್ಪತ್ತೆರಡು: ಮತ್ತ ಕ್ಸಾರ್.
"ಕಸ್ರ್! ಕೋಟಿ ಅಂದಂಗಾತು. ನಮ್ಮ ಮಾತು ಅಲ್ಲಿಗೂ ಓಡ್ಯಾದ?"
ಎರಡನೇ ಸಲಕ್ಕ ತುಸು ದಪ್ಪ ತಂತಿ ಕೂಡಿಸಿದರು.

ಮೂವತ್ತೆಂಟು: ಎಕ್ಲೇರ್ ಒ ಶೋಕೋಲಾ.
ಅದೊಂದು ಮಿಠಾಯಿ, ಅಂದೆ.
ನಗು ತಡೀದೆ ಸುತ್ತಿಗಿ ಕೆಳಗಿಟ್ಟರು.

ಮೂವತ್ತೊಂಬತ್ತು, ನಲವತ್ತು:
ಹೆಸರಿಲ್ಲ. ಲಡಾಯಿ ಇತ್ತು, ಓಟ ನಡೀಲಿಲ್ಲ.
"ಮತ್ತ ಕುದುರಿಗಳು?"
ನನಗ ಗೊತ್ತಿಲ್ಲ.
"ನಮ್ಮ ಅಬ್ಬಾನ ಕಬೂತರ್ ಓಡತಿತ್ತು ಆಗ,
ಠೇಶನ್ನಿಂದ ಚೌಬಾರಾ, ಚೌಬಾರಾದಿಂದ ಠೇಶನ್,
ಟಾಂಗಾದಾಗ ನಾಕು ಮಂದಿ, ಒಂದು ಆಡು."
ಇಸವಿ ಎರಡೂ ಕೆತ್ತಿ ಮುಂದ ಹೋದರು.

ಸಂಜಿಗೆ ತಟ್ಟೆ ಕಾಸಿ,
ಕೋಟಿ ಮಣ್ಣು, ನವಸಾಗರ ಕಲಸಿ ತಿಕ್ಕಿದೆ.
ಲೋಹ ಕಪ್ಪಾಗ್ತಾ ಹೋತು, ಹೆಸರು ಬೆಳ್ಳಗ ಉಳದವು.
ಖಾಲಿ ಸಾಲಿನಾಗ ಏನೋ ಮಿಂಚಿತು:
ಅಕ್ಕಿಕಾಳಿನಷ್ಟು ಲಾಳ.

ಏನಿದು ಚಾಚಾ?

"ಜಾಗಾ ಖಾಲಿ ಕಂಡ್ರ
ಗಿರಾಕಿ ರೊಕ್ಕ ಮುರೀತಾನ.
ತಿಕ್ಕು, ತಿಕ್ಕು."