ಹೂ ಹಿಡಿದ ಹೆಂಗಸಿಗೆ ಹೊಡೆಯಬಾರದು

ಮೈಂದರಗಿಯಲ್ಲಿ ಹನ್ನೊಂದು ಹೊಡೆಯಿತೆಂದರೆ
ರೇಶನ್ನಿನ ಸರ್ವರ್ ಮಲಗಿಬಿಡುತ್ತದೆ.
ಪರದೆಯ ಮೇಲೆ ಮರಾಠಿಯಲ್ಲೊಂದು ಕ್ಷಮಾಪಣೆ,
ಅದರಡಿ ಸುಮ್ಮನೆ ತಿರುಗುವ ಗಾಲಿ.
ಬೆಂಚಿನ ಮೇಲೆ ಒಂಬತ್ತು ಮಂದಿ,
ಒಬ್ಬರ ಮೊಣಕಾಲಿಗೆ ಇನ್ನೊಬ್ಬರ ಚೀಲ.

ನಾನು ಪಕ್ಕದ ಟ್ಯಾಬು ತೆರೆಯುತ್ತೇನೆ.
ಕಟ್ಟಿಗೆಯ ಊರು. ಅರ್ಧವೇ ಬಾಗಿಲಿನ ಸಾರಾಯಿ ಅಂಗಡಿ,
ಬ್ಯಾಂಕು, ನೀರಿನ ಪೀಪಾಯಿ,
ಟೊಪ್ಪಿಗೆಯ ಕೆಳಗೆ ಮೂರು ಚುಕ್ಕೆಯ ಮುಖ.
ದೂಳು ಕೆಂಪು. ಕರಿ ಎರೆಯವರ ಕಣ್ಣಿಗೆ
ಆ ದೂಳೂ ಪರದೇಶ.

ಐದು ಒತ್ತಿದರೆ ಕಾಯಿನ್ ಬೀಳುತ್ತದೆ.
ಸದ್ದು ಅದೇ, ಠಣ್ ಅಲ್ಲ, ಗುಟುಕ್,
ತಗಡಿನ ಹೊಟ್ಟೆ ನುಂಗಿದ ಸದ್ದು.

ಸೋಲಾಪುರದಲ್ಲಿ, ಚಾದರ ಕಾರ್ಖಾನೆಯ ಬೆನ್ನಿಗೆ,
ದಸ್ತಗೀರ ಶೇಟನ ಕತ್ತಲೆ ಕೋಣೆ.
ಪ್ಲಾಸ್ಟಿಕ್ ಬಂದೂಕಿಗೆ ಸೈಕಲ್ ಚೈನು, ಚೈನಿಗೆ ಬೀಗ.
ವಾರಕ್ಕೆ ಒಂದೇ ರೂಪಾಯಿ ನನ್ನದು.
ಉಳಿದ ಆರು ದಿನ ಬೇರೆಯವರ ಬೆನ್ನ ಹಿಂದೆ ನಿಂತು
ಯಾವ ಕಳ್ಳ ಎಲ್ಲಿಂದ ಏಳುತ್ತಾನೆ, ಬಾಯಿಪಾಠ:
ಎಡಗಡೆಯ ಮಾಳಿಗೆ, ಪೀಪಾಯಿ, ಮತ್ತೆ ಪೀಪಾಯಿ,
ಆಮೇಲೆ ಕಿಟಕಿಯಲ್ಲಿ ಹೂ ಹಿಡಿದ ಹೆಂಗಸು.
ಆಕೆಗೆ ಹೊಡೆಯಬಾರದು.
ಹೊಡೆದರೆ ಒಂದು ಜೀವ ಹೋಗುತ್ತದೆ, ನಮ್ಮದು.
ಏಳನೆಯ ದಿನ ಕೈ ನಡುಗುತ್ತಿತ್ತು.
ಒಂದು ರೂಪಾಯಿಯ ಸಾವು ಸಾವಿನಂತೆಯೇ ಇತ್ತು.

ಈಗ ಐದು, ಐದು, ಐದು,
ತೊಂಬತ್ತೊಂಬತ್ತು ಕಾಯಿನ್ ತುಂಬಿಟ್ಟು
ಚಹಾ ಕುಡಿಯುತ್ತಾ ಸಾಯುತ್ತೇನೆ.
ಹಳೆಯ ಟಿವಿಯ ಗೆರೆಗಳನ್ನೂ ಗಾಜಿನ ಉಬ್ಬನ್ನೂ
ಯಾವನೋ ಪುಣ್ಯಾತ್ಮ ನಕಲು ಮಾಡಿದ್ದಾನೆ.
ಆ ನಡುಕವೊಂದು ಅವನಿಗೆ ಸಿಕ್ಕಿಲ್ಲ.

"ಯಾರನ್ನಪಾ ಅಷ್ಟು ಹೊಡೀಲಿಕತ್ತಿ?"
ಭಾಗವ್ವ. ಬೀಡಿ ಕಟ್ಟುವಾಕೆ, ದಿನಕ್ಕೆ ಸಾವಿರದ ಲೆಕ್ಕ.
ಬೀಡಿ ಎಲೆ ಗೆರೆಯನ್ನೆಲ್ಲ ತಿಂದು
ಬೆರಳ ತುದಿ ಹುಣಸೆಬೀಜದಷ್ಟು ನುಣುಪು.
ಮೂರು ತಿಂಗಳಿಂದ ಆಕೆಯ ಅಂಗಠಾ ಯಂತ್ರಕ್ಕೆ ಗುರುತಿಲ್ಲ.
ಮೂರು ಸಲ ಒತ್ತಬಹುದು. ತಪ್ಪಿದರೆ ನಾಳೆ ಬಾ.

"ಕಳ್ಳರು, ಯವ್ವಾ."
"ಏನ್ ಕದ್ದಾರ?"
ಮೂವತ್ತು ವರ್ಷ ಈ ಊರಿಗೆ ಗುಂಡು ಹಾಕಿದ್ದೇನೆ.
ಹುಡುಕಿದೆ. ಬ್ಯಾಂಕಿನ ಬಾಗಿಲು ಹಾಕಿಯೇ ಇತ್ತು.
"ಗೊತ್ತಿಲ್ಲ."
"ತಾ ಇಲ್ಲಿ."

ಹಂಚಿನ ಬಿಸಿ ನೋಡುವ ಹಾಗೆ ಮೌಸು ಮುಟ್ಟಿದಳು.
ಮೊದಲ ಗುಂಡು ಆಕಾಶಕ್ಕೆ,
ಎರಡನೆಯದು ಹೂವಿನ ಹೆಂಗಸಿಗೆ,
"ಅಯ್ಯ ಶಿವನ, ನಡುವ ಯಾಕ ಬಂದ್ಯವ್ವಾ!"
ಸತ್ತಳು. ಐದು ಒತ್ತಿ ಎಬ್ಬಿಸಿದೆ.
ಮತ್ತೆ ಸತ್ತಳು. ಮತ್ತೆ ಐದು.
ಆಮೇಲೆ ಸಾವಿರದ ಬೆರಳು ದಾರಿ ಹಿಡಿಯಿತು:
ಎಲೆ, ತಂಬಾಕು, ಮಡಿಕೆ, ದಾರ,
ಮಾಳಿಗೆ, ಪೀಪಾಯಿ, ಪೀಪಾಯಿ,
ಕಿಟಕಿ ಬಂದಾಗ ಬೆರಳೆತ್ತಿ, ಆ ಹೆಂಗಸಿಗೆ
"ಹೋಗ್, ಒಳಗ ಹೋಗ್."
ಬೆಂಚು ಎದ್ದು ನಿಂತಿತು.
ಮೌಸು ಆಕೆಯನ್ನು ನೀನ್ಯಾರೆಂದು ಕೇಳಲೇ ಇಲ್ಲ.

ಆರನೆಯ ಸ್ಥಾನ. ಹೆಸರು ಬರೆ
ಎಂದಿತು ಪರದೆ, ಮೂರೇ ಅಕ್ಷರ.
ನನ್ನ ಮೇಜಿನ ಮೇಲೆ ಆಕೆಯ ಕಾಗದ:
ರೇಶನ್ ಕಾರ್ಡಿನಲ್ಲಿ ಭಾಗಾಬಾಯಿ,
ಆಧಾರದಲ್ಲಿ ಭಾಗೀರಥಿ,
ಬ್ಯಾಂಕಿನ ಪುಸ್ತಕದಲ್ಲಿ ಭಾಗವ್ವ.
ಮೂವರೂ ಒಬ್ಬಳೇ ಎಂಬ ಅಫಿಡವಿಟ್ಟಿಗೆ
ಇನ್ನೂರು ಆಗಲೇ ಕೊಟ್ಟಿದ್ದಾಳೆ ವಕೀಲನಿಗೆ.
ಬಿ, ಎಚ್, ಎ ಎಂದು ಒತ್ತಿದೆ.
ಮೂವರೂ ಹಿಡಿಸಿದರು, ಜಗಳವಿಲ್ಲದೆ.

ಸರ್ವರ್ ಬಂತು ಬಂತು ಎಂದ ಬಾಗಿಲ ಬಳಿಯ ಹುಡುಗ.
ಎಲ್ಲರೂ ತಮ್ಮ ತಮ್ಮ ಚೀಲಕ್ಕೆ ಮರಳಿದರು.
ಭಾಗವ್ವ ಅಂಗಠಾ ಸೆರಗಿಗೆ ಒರೆಸಿ
ಗಾಜಿನ ಮೇಲಿಟ್ಟಳು. ಕೆಂಪು.
ಉಗುಳು ಹಚ್ಚಿ ಇಟ್ಟಳು. ಕೆಂಪು.
ಮೂರನೆಯದಕ್ಕೆ ಗಾಳಿಯಲ್ಲೇ ತಡೆದು
ನನ್ನ ಮುಖ ನೋಡಿದಳು.
"ಐದು ಒತ್ತಪಾ," ಅಂದಳು.