ಸೊನ್ನಲಿಗೆಯಲ್ಲಿ ರಾತ್ರಿಪಾಳಿ

ರಾತ್ರಿ ಎರಡಕ್ಕೆ ನಮ್ಮ ಪತಸಂಸ್ಥೆಯ ಲೆಕ್ಕವೆಲ್ಲ
ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಹೋಗುತ್ತದೆ.
ಹೋಗುತ್ತದೆ ಎಂದು ನಂಬಿದ್ದೆವು.
ಹನ್ನೊಂದು ತಿಂಗಳು, ದಿನಾ ಬೆಳಿಗ್ಗೆ,
ಹಸಿರು ಅಕ್ಷರದಲ್ಲಿ ‘ಯಶಸ್ವಿ’ ಎಂದಿರುತ್ತಿತ್ತು;
ಬಿರಾಜದಾರ ಸಾಹೇಬರು ಕೆಳಗೆ ಸಹಿ ಹಾಕಿ
ಚಹಾಕ್ಕೆ ಹೇಳುತ್ತಿದ್ದರು.

ಆಷಾಢದ ಒಂದು ದಿನ ಡಿಸ್ಕು ಕಿರ್ರೆಂದು ನಿಂತಿತು.
ಪ್ರತಿ ತೆರೆದೆ.
ಹೆಸರಿತ್ತು, ತಾರೀಖಿತ್ತು, ಒಳಗೆ ಸೊನ್ನೆ ಬೈಟು.
ಚಾದರದಂಗಡಿಯಲ್ಲಿ ಖಾಲಿ ಪೆಟ್ಟಿಗೆಗಳನ್ನು
ಒಪ್ಪವಾಗಿ ಅಟ್ಟಕ್ಕೇರಿಸಿದ ಹಾಗೆ.

ಆರು ವಾರ ಮನೆಮನೆಯ ಪಾಸ್‌ಬುಕ್ಕು ತರಿಸಿ,
ಬೀಡಿ ಕಟ್ಟಿದ ಬೆರಳಿನ ಕಂದು ಗುರುತಿದ್ದ ಪುಟಗಳಿಂದ
ಒಂದೊಂದೇ ಅಂಕಿ ಹೆಕ್ಕಿದೆವು.
ಸಾತವ್ವ ಮ್ಹೇತ್ರೆಯ ನಲವತ್ತು ರೂಪಾಯಿ
ಕೊನೆಗೂ ಹೊಂದಲಿಲ್ಲ.

ಆಮೇಲೆ ಬರೆಯಲು ಕೂತೆ. ನನಗೆ ಬರುವ ಪೈಥಾನ್ ಅಷ್ಟಕ್ಕಷ್ಟೆ.
ಮೊದಲ ಸಾಲಿನ ಪ್ರಶ್ನೆ: ಕೆಲಸ ಮುಗಿಯಿತೆ?
ಸೊನ್ನೆ, ಎಂದಿತು. ಯಂತ್ರದ ಮಾತಿನಲ್ಲಿ
ಸೊನ್ನೆ ಎಂದರೆ ಎಲ್ಲ ಸರಿ.
ಎರಡನೆಯದು: ತೂಕವೆಷ್ಟು?
ಅದಕ್ಕೂ ಸೊನ್ನೆ.
ಈ ಊರಿನ ಹಳೆಯ ಹೆಸರೇ ಸೊನ್ನಲಿಗೆ;
ಯಾವ ಸೊನ್ನೆಯನ್ನು ನಂಬಲಿ ಅಂತ
ಯಾರ ಓಣಿಗೆ ಹೋಗಿ ಕೇಳಲಿ?

ಕಾವಲಿನ ಅಂಬಾದಾಸ ಚಿಪ್ಪಾ, ಒಂದು ಕಾಲದ ಮಗ್ಗದ ಜಾಬರ್,
ಪರದೆಗೆ ಬಗ್ಗಿದ. ‘ಇದೇನ್ರಿ ಅಕ್ಕಾರ?’
ಕಾವಲಿಗೆ ಕಾವಲು, ಎಂದೆ.
‘ಹಂಗಾರ ಕೇಳ್ರಿ. ಹಾಸಿನ ಎಳಿ ಎಳಿಗೂ
ಒಂದೊಂದು ತಗಡಿನ ಪತ್ತಿ ಇರ್ತಾವ.
ಎಳಿ ಬಿಗಿ ಇದ್ದರ ಸುಮ್ಮನ ಅದರ ಮ್ಯಾಲ ಕುಂತಿರತಾವ.
ಎಳಿ ಹರೀತು, ಪತ್ತಿ ಬಿತ್ತು, ಮಗ್ಗ ನಿಂತಿತು.
ಓದಾಕ ಬರಂಗಿಲ್ಲ ಅದಕ್ಕ. ಬೀಳಾಕ ಬರತದ.’

ಪತ್ತಿಗಳನ್ನು ತೂಗುಹಾಕಿದೆ:
ನಿನ್ನೆಗಿಂತ ಇಂದು ಹಗುರವಾದರೆ ಒಂದು,
ಡಿಸ್ಕಿನಲ್ಲಿ ಹತ್ತನೆಯ ಒಂದಂಶ ಜಾಗವೂ ಉಳಿಯದಿದ್ದರೆ ಒಂದು,
ಎರಡರ ಕೆಲಸ ನಾಲ್ಕಾದರೂ ಮುಗಿಯದಿದ್ದರೆ ಒಂದು.
ಬಿದ್ದರೆ ನನ್ನ ತಲೆದಿಂಬಿನಡಿ ಫೋನು.

ಒಂಬತ್ತು ರಾತ್ರಿ ಫೋನು ಮಿಸುಕಲಿಲ್ಲ.
ಒಳ್ಳೆಯ ನಿದ್ದೆ.
ಹತ್ತನೆಯ ದಿನ ಅಂಬಾದಾಸನೇ ಕೆದಕಿದ:
‘ಪತ್ತಿಗೇ ಜಂಗು ಹಿಡಿದಿದ್ರ?’
ಹೋಗಿ ನೋಡಿದರೆ, ಮಂಗಳವಾರ ಕರೆಂಟು ಹೋದಾಗ
ಸತ್ತದ್ದು ನನ್ನ ಸ್ಕ್ರಿಪ್ಟು.
ಸತ್ತದ್ದು ಸತ್ತೆನೆಂದು ಹೇಗೆ ಹೇಳೀತು?

ಈಗ ಅದು ದಿನಾ ಆರಕ್ಕೆ ‘ಇದ್ದೇನೆ’ ಎನ್ನಬೇಕು.
ಅನ್ನದಿದ್ದರೆ,
ಬೇರೆ ಕಟ್ಟಡದ ಬೇರೆ ಯಂತ್ರ ನನ್ನನ್ನು ಎಬ್ಬಿಸುತ್ತದೆ.
ಶನಿವಾರಕ್ಕೊಮ್ಮೆ, ಪ್ರತಿಯೊಳಗೆ ಕೈ ಹಾಕಿ
ಸಿಕ್ಕ ಒಂದು ಖಾತೆ ಎತ್ತಿ
ನನ್ನ ಮುಂದೆ ಬಿಚ್ಚಿಡುತ್ತದೆ.

ಈ ವಾರ ಸಿಕ್ಕಿದ್ದು ಸಾತವ್ವ.
ನಲವತ್ತು ಕಡಿಮೆ, ಹಾಗೇ, ಒಂದು ಪೈಸೆ ಅತ್ತಿತ್ತಾಗದೆ.
ನಮ್ಮ ತಪ್ಪನ್ನೂ ಜೋಪಾನ ಮಾಡಿದೆ.
ಸಾಹೇಬರು ಸಹಿಗೆ ಪೆನ್ನು ತೆಗೆದರು.
ತಡೆಯಿರಿ, ಎಂದೆ.